ಷರಾ

ಹಿಲ್ಲೂರು ಆಸ್ಪತ್ರೆಯ ಹಿಂಗೋಡೆಗೆ
ಹೆರಿಗೆ ಕೋಣೆಯ ಹಳೇ ಚಾದರ ಕಟ್ಟಿ
ಎದುರಿಗೆ ಒಂದು ಬಲ್ಬು ಇಳಿಬಿಟ್ಟಿದ್ದೇನೆ.
ಡಾಕ್ಟರಿಗೆ ಗೊತ್ತಿಲ್ಲ. ಗೊತ್ತಾದರೆ
ಕರೆಂಟು ಬಿಲ್ಲಿನ ಮಾತು ಬರುತ್ತದೆ.
ಚಾದರದ ಮೂಲೆಯಲ್ಲಿ ಇನ್ನೂ ಮಾಸದ
ಸರಕಾರದ ನೀಲಿ ಮುದ್ರೆ.
ಮೊದಲನೆಯದು ಬಂದು ಕೂತದ್ದು ಅದರ ಮೇಲೇ.

ಹನ್ನೊಂದು ವರ್ಷ, ಹುಳಗಳ ಹೆಸರನ್ನು
ಅವು ತರುವ ಜ್ವರದಿಂದ ಕಲಿತವಳು ನಾನು.
ಸೊಳ್ಳೆಯೆಂದರೆ ಅದು ಗೋಡೆಯ ಮೇಲೆ ಕೂರುವ ಓರೆ.
ಉಣುಗೆಂದರೆ, ಮಂಗ ಸತ್ತ ಜಾಗದ ತರಗೆಲೆಯ ಮೇಲೆ
ಬಿಳಿ ಬಟ್ಟೆ ಎಳೆದು, ಅಂಟಿದ್ದನ್ನು ಎಣಿಸಿದ ಲೆಕ್ಕ.
ಸ್ಲೈಡಿನ ಮೇಲೆ ಒಂದು ಹನಿ ರಕ್ತ,
ಒಳಗೊಂದು ಪುಟ್ಟ ಉಂಗುರ
ಕಂಡರೆ ಬರೆ; ಕಾಣದಿದ್ದರೆ ಇನ್ನೂ ನೋಡು.
ಗುರುತು ಹಿಡಿಯುವುದೆಂದರೆ
ಆರೋಪಿಯನ್ನು ಹಿಡಿಯುವುದೆಂದೇ ತಿಳಿದಿದ್ದೆ.

ಎಂಟೂವರೆಗೆ ಬಂದವು ಅಕ್ಕಿನುಚ್ಚಿನಂಥವು.
ಅಳೆಯಲು ಬೇರೇನಿಲ್ಲ, ಸ್ಲೈಡನ್ನೇ ಪಕ್ಕಕ್ಕೆ ಹಿಡಿದೆ:
ಅದರ ಅಗಲದ ಕಾಲುಭಾಗವೂ ಇಲ್ಲ.
ಕಾಗೆ ಹಿಕ್ಕೆಯೆಂದು ಒಂದನ್ನು ಒರೆಸಹೋದೆ,
ಹಿಕ್ಕೆಗೆ ಆರು ಕಾಲು.
ಇನ್ನೊಂದು ಬರೀ ಮೂರು ಕಡ್ಡಿ, ಅಡ್ಡಕ್ಕೆ ಎರಡು, ಉದ್ದಕ್ಕೆ ಒಂದು.
ಮತ್ತೊಂದು ಸೋಗೆ ಮಾಡಿನ ಹಾಗೆ
ರೆಕ್ಕೆ ಇಳಿಜಾರಿಸಿ ಒಳಗೇನೋ ಬಚ್ಚಿಟ್ಟುಕೊಂಡಿತ್ತು.

ಪುಸ್ತಕ ಹೇಳುತ್ತದೆ: ಹಿಂದಿನ ರೆಕ್ಕೆ ನೋಡಿ.
ಪುಸ್ತಕದಲ್ಲಿ ಎಲ್ಲಕ್ಕೂ ಸೂಜಿ ಚುಚ್ಚಿದೆ,
ಎಲ್ಲವೂ ಸುಲಭವಾಗಿ ತೆರೆದುಕೊಂಡಿವೆ.
ನಾನು ಮೆತ್ತಗೆ ಉಸಿರೂದಿದೆ,
ಎಳೆಮಗುವಿಗೆ 'ನಾಲಗೆ ಚಾಚು' ಅನ್ನುವಷ್ಟು ಮೆತ್ತಗೆ.
ಎರಡು ಹೆಜ್ಜೆ ಸರಿಯಿತು. ತೆರೆಯಲಿಲ್ಲ.
ಮೂರನೇ ಸಲ ಊದುವಷ್ಟರಲ್ಲಿ
ಮೇಲಿಂದ ಹಲ್ಲಿ ಇಳಿದು ನುಂಗಿತು.
ಹಲ್ಲಿಗೆ ಹೆಸರು ಬೇಡ.

ವಾಚಮನ್ ಬೊಮ್ಮು ಆಗೇರ ಬೀಡಿ ಆರಿಸಿ ಬಂದ.
'ಅಕ್ಕೋರೇ, ದೀಪದ ಹುಳಕ್ಕೆ ಇಷ್ಟೆಲ್ಲ ಎಂತಕ್ಕೆ?'
ಅವನ ಮಟ್ಟಿಗೆ ಎಲ್ಲವೂ ಒಂದೇ, ದೀಪದ ಹುಳ.
ನಿನ್ನೆವರೆಗೆ ನನಗೂ.

ಹನ್ನೆರಡು ದಾಟಿತ್ತು.
ಅರಬೈಲು ಘಟ್ಟ ಇಳಿವ ಲಾರಿಯ ಸದ್ದು ಒಂದು, ಆಮೇಲೆ ಏನಿಲ್ಲ.
ಅದು ಬಂತು. ಚಾದರಕ್ಕೆ ಎರಡು ಸಲ ಢಿಕ್ಕಿ ಹೊಡೆದು
ಜೋತುಬಿತ್ತು.
ಸೌತೆ ತಿರುಳಿನ ಹಸಿರು, ಮುಂಗಂಚಿಗೆ ಮುರುಗಲ ಬಣ್ಣ,
ಎರಡು ಬಾಲ, ಒಂದರ ತುದಿ ಹರಿದಿದೆ.
ಅಗಲ ಒಂದೂವರೆ ಸ್ಲೈಡು.
ಮೀಸೆ ಬಾಚಣಿಗೆಯ ಹಾಗೆ, ಅಂದರೆ ಗಂಡು.

ಮೊಮ್ಮಗನ ಡ್ರಿಪ್ಪು ಮುಗಿಯಲೆಂದು ಕಾಯುತ್ತಿದ್ದ
ಸೋಮಿ ಗೌಡ ಹಿಂಬಾಗಿಲಿಗೆ ಬಂದಳು.
'ಕಚ್ತದ್ಯೇ ಇದು?'
ಇಲ್ಲ ಸೋಮವ್ವ, ಇದಕ್ಕೆ ಬಾಯಿಯೇ ಇಲ್ಲ.
ಮರಿಹುಳವಾಗಿದ್ದಾಗ ತಿಂದದ್ದೇ ಕಡೆ.
ವಾರ ಹಾರುತ್ತದೆ, ಆಮೇಲೆ ಮುಗಿಯಿತು.
'ಜರ ತರ್ತದ್ಯೇ?'
ಇಲ್ಲ.
'ಮತ್ತೆಂತಕ್ಕೆ ಬರ್ಕಳ್ತಿ?'

ನನಗೆ ಬಂದ ಉತ್ತರಗಳೆಲ್ಲ
ಇಲಾಖೆಯ ಸುತ್ತೋಲೆಯಂತಿದ್ದವು. ಸುಮ್ಮನಾದೆ.
ಅವಳೂ ಸುಮ್ಮನೆ ನಿಂತಳು,
ಒಂದು ಕೈಯಲ್ಲಿ ಮಗುವಿನ ಟೊಪ್ಪಿ.
ಒಳಗಿನಿಂದ ನರ್ಸ್ ಕೂಗುವವರೆಗೆ
ನಾವಿಬ್ಬರೂ ನೋಡಿದ್ದು ಅದನ್ನೇ.

ಎರಡು ಗಂಟೆಗೆ ದೀಪ ಆರಿಸಿದೆ.
ಕತ್ತಲಲ್ಲಿ ಚಾದರದ ಗಂಟು ಬಿಚ್ಚುವಾಗ
ಯಾವುದೋ ಒಂದು ಮುಂಗೈಗೆ ಬಡಿದು ಹೋಯಿತು.
ಅದು ಲೆಕ್ಕಕ್ಕೆ ಸಿಕ್ಕಿಲ್ಲ.

ಬೆಳಗ್ಗೆ ರಿಜಿಸ್ಟರಿನ ಕೊನೆಯ ಹಾಳೆಯಲ್ಲಿ
ರೂಢಿಯ ಗೆರೆಗಳನ್ನೇ ಎಳೆದೆ.
ಪತ್ತೆ: ಹದಿನಾಲ್ಕು ಬಗೆ, ಹೆಸರು ಸಿಕ್ಕಿದ್ದು ಮೂರಕ್ಕೆ.
ಕ್ರಮ: ಯಾವಾಗಲೂ ಬರೆಯುವುದು 'ಔಷಧ ಸಿಂಪಡಿಸಲಾಯಿತು'.
ಬರೆದೆ: ದೀಪ ಆರಿಸಲಾಯಿತು.
ಷರಾ ಖಾಲಿ ಬಿಟ್ಟೆ.

ಜ್ವರ ಇಳಿದ ಹುಡುಗನನ್ನು ಸೊಂಟಕ್ಕೇರಿಸಿ
ಸೋಮಿ ಅಂಕೋಲೆ ಬಸ್ಸಿಗೆ ಓಡುತ್ತಿದ್ದಳು.
ಗೇಟಿನಿಂದಲೇ ಕೂಗಿದಳು:
'ನಿನ್ನ ಬಾಯಿಲ್ಲದ್ದು ಎತ್ಲಾಗೆ ಹೋಯ್ತೇ?'

ಬಸ್ಸು ತಿರುವು ದಾಟಿದ ಮೇಲೆ ಒಳಗೆ ಬಂದು,
ಆ ಹಸಿರಿನ ಸಾಲಿನಲ್ಲಿ, ಲ್ಯಾಟಿನ್ನಿನ ಪಕ್ಕ,
ಪೆನ್ಸಿಲ್ಲಿನಲ್ಲಿ ಬರೆದೆ:
ಬಾಯಿಲ್ಲದ್ದು.